ಹಾಸನದಲ್ಲಿ ನಿಮ್ಮವರ ಹೆಸರು ಹುಡುಕುವುದಾದರೆ: ಯಾವ ದಾಖಲೆ ಮೊದಲು, ಯಾವುದು ಆಮೇಲೆ?

ನಮ್ಮಜ್ಜಿಗೆ ಓದುಬರಹ ಬರುತ್ತಿರಲಿಲ್ಲ. ಅವರ ಹೆಸರಿನಲ್ಲಿ ಮನೆ ಇರಲಿಲ್ಲ, ಗದ್ದೆ ಇರಲಿಲ್ಲ, ಬ್ಯಾಂಕಿನ ಪಾಸ್‌ಬುಕ್ಕೂ ಇರಲಿಲ್ಲ. ಹಾಸನದ ಸುತ್ತಲ ಗದ್ದೆಗಳಲ್ಲಿ ಕೂಲಿ ಮಾಡಿ ಮಕ್ಕಳನ್ನು ಸಾಕಿದವರು. ಅಂಥವರ ಬಗ್ಗೆ ಯಾವ ಕಾಗದ ಸಿಕ್ಕೀತು ಅಂತ ನಾನು ಆಸೆಯನ್ನೇ ಬಿಟ್ಟಿದ್ದೆ. ಊರಿನ ಇತಿಹಾಸ ತಿಳಿಯಬೇಕು ಅಂತ ಎರಡು ವರ್ಷ ಶಾಸನ ಸಂಪುಟ, ಗೆಜೆಟಿಯರ್ ಓದುತ್ತಾ ಕೂತೆ. ತುಂಬಾ ಕಲಿತೆ. ಆದರೆ ನಮ್ಮ ಮನೆಯವರು ಯಾರೂ ಅಲ್ಲಿರಲಿಲ್ಲ.

ಅಜ್ಜಿ ಸಿಕ್ಕಿದ್ದು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನ ಒಂದು ಗೇಣಿ ಕಡತದಲ್ಲಿ. ಕೇಸು ಬೇರೆಯವರದು. ಆ ಗದ್ದೆಯನ್ನು ಉಳುತ್ತಿದ್ದವರ ಪರವಾಗಿ ಅಜ್ಜಿ ಸಾಕ್ಷಿ ಹೇಳಿದ್ದರು. ಒಂದೂವರೆ ಪುಟದ ಹೇಳಿಕೆ. ಅವರ ವಯಸ್ಸು, ಗಂಡನ ಹೆಸರು, ಇರುವ ಊರು, ಕಸುಬು ಕೂಲಿ. "ಈ ಗದ್ದೆಯ ನಾಟಿಗೂ ಕುಯ್ಲಿಗೂ ನಾನು ಹೋಗುತ್ತಿದ್ದೆ. ಉಳುತ್ತಿದ್ದವರು ಇವರೇ. ಕೂಲಿ ಭತ್ತ ಅಳೆದುಕೊಡುತ್ತಿದ್ದವರೂ ಇವರೇ." ಕೊನೆಯಲ್ಲಿ ನೇರಳೆ ಶಾಯಿಯ ಒಂದು ಹೆಬ್ಬೆಟ್ಟು. ಪಕ್ಕದಲ್ಲಿ ಗುಮಾಸ್ತರ ಕೈಬರಹ: ಇದು ಇಂಥವರ ಎಡಗೈ ಹೆಬ್ಬೆಟ್ಟಿನ ಗುರುತು. ಆ ಹೆಬ್ಬೆಟ್ಟಿನ ಗೆರೆಗಳನ್ನು ನೋಡುತ್ತಾ ತುಂಬಾ ಹೊತ್ತು ಕೂತಿದ್ದೆ. ನಾಟಿ ಮಾಡಿ ಮಾಡಿ ಸವೆದ ಬೆರಳು, ಮಧ್ಯದಲ್ಲಿ ಗೆರೆಯೇ ಮೂಡಿರಲಿಲ್ಲ.

ಅವತ್ತಿನಿಂದ ಯಾರಾದರೂ "ಊರಿನ ಇತಿಹಾಸ ಹುಡುಕಬೇಕು, ಎಲ್ಲಿಂದ ಶುರು ಮಾಡಲಿ" ಅಂತ ಕೇಳಿದರೆ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ. ನಿಮಗೆ ಯಾರ ಹೆಸರು ಬೇಕು? ರಾಜನದೋ, ಜಮೀನ್ದಾರರದೋ, ಬೀದಿಯ ಅಂಗಡಿಯವರದೋ, ನಿಮ್ಮ ಅಮ್ಮನದೋ? ಒಂದೊಂದು ದಾಖಲೆ ಒಂದೊಂದು ಬಗೆಯ ಜನರನ್ನು ಬರೆದುಕೊಳ್ಳುತ್ತದೆ, ಉಳಿದವರನ್ನು ಬಿಡುತ್ತದೆ. ಹಾಸನದಲ್ಲಿ ಯಾವ ಕಡೆ ಯಾರು ಸಿಗುತ್ತಾರೆ, ಯಾರು ಸಿಗುವುದಿಲ್ಲ, ಎಷ್ಟು ಓಡಾಟ ಆಗುತ್ತದೆ ಅನ್ನುವುದನ್ನು ಒಂದರ ಪಕ್ಕ ಒಂದಿಟ್ಟು ಹೇಳುತ್ತೇನೆ.

ಮನೆಯಲ್ಲೇ ಕೂತು ಓದುವ ಸಂಪುಟಗಳು

ಎಲ್ಲಕ್ಕಿಂತ ಸುಲಭವಾಗಿ ಕೈಗೆ ಸಿಗುವುದು ಅಚ್ಚಾದ ಸಂಪುಟಗಳು. ಬಿ. ಎಲ್. ರೈಸ್ ಅವರು ಶಾಸನಗಳನ್ನು ಸಂಗ್ರಹಿಸಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ 5ನೇ ಸಂಪುಟ ಪೂರ್ತಿ ಹಾಸನ ಜಿಲ್ಲೆಯದು. 1902ರಲ್ಲಿ ಅಚ್ಚಾಯಿತು. ಶ್ರವಣಬೆಳಗೊಳಕ್ಕೆ ಬೇರೆಯೇ ಸಂಪುಟ ಇದೆ, 2ನೆಯದು. ಅದನ್ನು ಆರ್. ನರಸಿಂಹಾಚಾರ್ ಅವರು 1923ರಲ್ಲಿ ಪರಿಷ್ಕರಿಸಿದರು. ಚಿಕ್ಕಮಗಳೂರಿನವರು ಕಡೂರು ಜಿಲ್ಲೆಯ ಸಂಪುಟ ನೋಡಬೇಕು, ಆಗ ಆ ಜಿಲ್ಲೆಗೆ ಅದೇ ಹೆಸರು. ಹಳೆಯ ಸಂಪುಟಗಳು ಇಂಟರ್‌ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಮೈಸೂರು ವಿಶ್ವವಿದ್ಯಾನಿಲಯ ಆಮೇಲೆ ಹೊಸದಾಗಿ ಹೊರತಂದ ಸಂಪುಟಗಳಲ್ಲಿ ನಂತರ ಸಿಕ್ಕ ಶಾಸನಗಳೂ ಸೇರಿವೆ. ಸಿಕ್ಕಿದರೆ ಅವನ್ನೇ ಓದಿ.

ಶಾಸನ ಅಂದರೆ ರಾಜರದು ಮಾತ್ರ ಅಂದುಕೊಳ್ಳಬೇಡಿ. ಬೇಲೂರಿನ ಶಿಲ್ಪಗಳ ಬುಡದಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಕೆತ್ತಿದ್ದಾರೆ. ವೀರಗಲ್ಲುಗಳಲ್ಲಿ ದನ ಬಿಡಿಸಲು ಹೋಗಿ ಸತ್ತವರಿದ್ದಾರೆ. ದಾನದ ಶಾಸನಗಳಲ್ಲಿ ಗಾವುಂಡರು, ಸೆಟ್ಟಿಗಳು, ದಾನ ಕೊಟ್ಟ ಹೆಂಗಸರು ಇದ್ದಾರೆ. ಜಮೀನಿನ ಎಲ್ಲೆ ಹೇಳುವಾಗ ಕೆರೆ, ಕಲ್ಲು, ಮರ, ದಾರಿ ಎಲ್ಲಾ ಬರುತ್ತದೆ. ನಿಮ್ಮೂರಿನ ಹೆಸರು ಎಂಟುನೂರು ವರ್ಷದ ಹಿಂದೆ ಹೇಗಿತ್ತು ಅನ್ನುವುದು ಬೇಕಾದರೆ ಇದನ್ನು ಮೀರಿಸಿದ ದಾಖಲೆ ಇಲ್ಲ. ಆದರೆ ಅಲ್ಲಿಂದ ನಿಮ್ಮ ಮುತ್ತಜ್ಜನ ತನಕ ಕೊಂಡಿ ಕೂಡಿಸುವುದು ಆಗದ ಕೆಲಸ. ಅದನ್ನು ಮೊದಲೇ ತಿಳಿದಿರಿ.

ಇನ್ನೊಂದು ಮಾತು. ಕಲ್ಲು ನೋಡಬೇಕು ಅನ್ನುವವರು ಅದು ಈಗ ಎಲ್ಲಿದೆ ಅಂತ ವಿಚಾರಿಸಿ ಹೊರಡಿ. ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನವನ್ನು 1936ರಲ್ಲಿ ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದರು. ಮೂಲ ಕಲ್ಲು ಮೈಸೂರಿಗೆ ಹೋಯಿತು, ಊರಿನಲ್ಲಿರುವುದು ಅದರ ಪ್ರತಿಕೃತಿ. ಹಾಸನದ ಮಹಾರಾಜ ಪಾರ್ಕಿನಲ್ಲಿರುವ ಸರ್ಕಾರಿ ವಸ್ತುಸಂಗ್ರಹಾಲಯಕ್ಕೂ ಒಂದು ಮಧ್ಯಾಹ್ನ ಕೊಡಿ. ಪುಸ್ತಕದಲ್ಲಿ ಓದಿದ ಕಲ್ಲನ್ನು ಎದುರಿಗೆ ನಿಂತು ನೋಡುವ ಖುಷಿಯೇ ಬೇರೆ.

ಗೆಜೆಟಿಯರ್‌ಗಳ ಪೈಕಿ ರೈಸ್ ಅವರದು (1897ರ ಪರಿಷ್ಕೃತ ಮುದ್ರಣ), ಹಯವದನರಾಯರ ಮೈಸೂರು ಗೆಜೆಟಿಯರ್, 1971ರ ಹಾಸನ ಜಿಲ್ಲಾ ಗೆಜೆಟಿಯರ್, ಈ ಮೂರು ಸಾಕು. ಇವು ಊರು ಬೆಳೆದ ಬಗೆ ಹೇಳುತ್ತವೆ. ಆಸ್ಪತ್ರೆ ಎಲ್ಲಿತ್ತು, ಸಂತೆ ಯಾವ ದಿನ, ರಸ್ತೆ ಯಾವುದು. 1951ರಿಂದೀಚಿನ ಜನಗಣತಿಯ ಜಿಲ್ಲಾ ಕೈಪಿಡಿಗಳಲ್ಲಿ ಹಳ್ಳಿಹಳ್ಳಿಯ ಮನೆ ಎಷ್ಟು, ಜನ ಎಷ್ಟು ಅಂತ ಇರುತ್ತದೆ. ಎರಡರಲ್ಲೂ ಸಾಮಾನ್ಯ ಜನರ ಹೆಸರಿಲ್ಲ. ಹೆಸರು ಸಿಕ್ಕ ಮೇಲೆ ಸುತ್ತಲ ಕಾಲ ಅರ್ಥವಾಗಲು ಓದಬೇಕಾದ ಪುಸ್ತಕಗಳು ಇವು. ನಾನು ಮಾಡಿದ ತಪ್ಪೇ ಅದು, ಇವನ್ನು ಮೊದಲು ಓದಿದ್ದು.

ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮು

ನನ್ನ ಮಟ್ಟಿಗೆ ಇಡೀ ಜಿಲ್ಲೆಯಲ್ಲೇ ದೊಡ್ಡ ನಿಧಿ ಇರುವುದು ಇಲ್ಲಿ. ಜನ ಇಲ್ಲಿಗೆ ಬರುವುದು ಜಮೀನಿನ ವ್ಯಾಜ್ಯಕ್ಕೆ, ಸಾಲಕ್ಕೆ, ಪಾಲಿಗೆ. ಇತಿಹಾಸಕ್ಕೆ ಅಂತ ಬರುವವರು ತೀರಾ ಕಡಿಮೆ.

ಮೊದಲು ಪಹಣಿ. ಈಗಿನ ಪಹಣಿಯನ್ನು ಭೂಮಿ ಜಾಲತಾಣದಲ್ಲೇ ನೋಡಬಹುದು, ಎಲ್ಲರಿಗೂ ಗೊತ್ತು. ನಮಗೆ ಬೇಕಾದ್ದು ಅದಲ್ಲ. 2000ದ ಹೊತ್ತಿಗೆ ಭೂಮಿ ಯೋಜನೆ ಬಂದು ಪಹಣಿ ಕಂಪ್ಯೂಟರಿಗೆ ಹೋಯಿತು. ಅದಕ್ಕೂ ಹಿಂದಿನ ಕೈಬರಹದ ಪಹಣಿ ಕೇಳಿ. ಅದರಲ್ಲಿ 9ನೇ ಕಾಲಂ ಜಮೀನಿನ ಒಡೆಯರದು. 12ನೇ ಕಾಲಂ ಸಾಗುವಳಿ ಮಾಡುತ್ತಿದ್ದವರದು. ಈ ಎರಡು ಕಾಲಂ ಅಕ್ಕಪಕ್ಕ ಇಟ್ಟು ಹತ್ತು ವರ್ಷದ ಪಹಣಿ ಓದಿದರೆ ಒಂದು ಹಳ್ಳಿಯ ಕಥೆ ಬಿಚ್ಚಿಕೊಳ್ಳುತ್ತದೆ. ಒಡೆಯರ ಹೆಸರು ಬದಲಾಗದೆ ಉಳುವವರ ಹೆಸರು ಎರಡು ಮೂರು ವರ್ಷಕ್ಕೊಮ್ಮೆ ಬದಲಾಗುತ್ತಿದ್ದರೆ ಅಲ್ಲಿ ಏನು ನಡೆಯುತ್ತಿತ್ತು ಅಂತ ಯೋಚಿಸಬೇಕು. ಯಾವ ಬೆಳೆ ಇತ್ತು ಅಂತಲೂ ಬರೆದಿರುತ್ತಾರೆ. ಭತ್ತದ ಜಾಗಕ್ಕೆ ಆಲೂಗೆಡ್ಡೆ ಯಾವ ವರ್ಷ ಬಂತು ಅನ್ನುವುದನ್ನು ನಾನು ಒಂದು ಸರ್ವೆ ನಂಬರಿನಲ್ಲಿ ಹಾಗೇ ಕಂಡುಕೊಂಡೆ.

ಪಹಣಿಯ ಜೊತೆ ಮ್ಯುಟೇಷನ್ ರಿಜಿಸ್ಟರ್ ಕೇಳಿ. ಎಂ.ಆರ್. ಅಂದರೆ ಸಿಬ್ಬಂದಿಗೆ ಬೇಗ ಗೊತ್ತಾಗುತ್ತದೆ. ಪಹಣಿ ಹೆಸರು ಬದಲಾಗಿದ್ದನ್ನು ತೋರಿಸಿದರೆ ಎಂ.ಆರ್. ಯಾಕೆ ಬದಲಾಯಿತು ಅಂತ ಹೇಳುತ್ತದೆ. ತಂದೆ ತೀರಿಕೊಂಡು ಪೌತಿ ಖಾತೆಯೋ, ಕ್ರಯವೋ, ದಾನವೋ, ಪಾಲುಪಾರೀಕತ್ತೋ. ಪೌತಿ ಖಾತೆ ಆಗುವಾಗ ವಂಶವೃಕ್ಷ ಕೊಟ್ಟಿರುತ್ತಾರೆ. ಕಚೇರಿಯ ಕಾಗದದಲ್ಲಿ ಹೆಣ್ಣುಮಕ್ಕಳ ಹೆಸರು ಬರುವ ಅಪರೂಪದ ಜಾಗ ಅದು. ಹಕ್ಕು ಬಿಟ್ಟುಕೊಟ್ಟೆವು ಅಂತ ಸಹಿ ಹಾಕಲೋ ಹೆಬ್ಬೆಟ್ಟು ಒತ್ತಲೋ ಕರೆಸಿಕೊಂಡಿದ್ದರೂ ಸರಿ, ಹೆಸರಂತೂ ಉಳಿದಿದೆ.

ಇನ್ನು ಗೇಣಿ ಕಡತ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ದೇವರಾಜ ಅರಸು ಅವರ ಕಾಲದಲ್ಲಿ ಭೂಸುಧಾರಣಾ ಕಾಯ್ದೆಗೆ ತಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿಗೆ ಉಳುತ್ತಿದ್ದವರು ಆ ಭೂಮಿ ತಮ್ಮ ಹೆಸರಿಗೆ ಆಗಲು ಫಾರಂ 7ರಲ್ಲಿ ಅರ್ಜಿ ಹಾಕಬೇಕಿತ್ತು. 1979ರ ಜೂನ್ 30ರವರೆಗೂ ಅರ್ಜಿ ತಗೊಂಡರು. ಅರ್ಜಿ ವಿಚಾರಣೆಗೆ ತಾಲ್ಲೂಕುಗಳಲ್ಲಿ ಭೂ ನ್ಯಾಯಮಂಡಳಿ ಮಾಡಿದರು. ಅಲ್ಲಿ ಗೇಣಿದಾರರ ಹೇಳಿಕೆ, ಒಡೆಯರ ಹೇಳಿಕೆ, ಸಾಕ್ಷಿಗಳ ಹೇಳಿಕೆ ಎಲ್ಲವನ್ನೂ ಬರೆದುಕೊಂಡರು. ಎಷ್ಟು ಪಲ್ಲ ಗೇಣಿ ಅಳೆಯುತ್ತಿದ್ದರು, ರಸೀದಿ ಕೊಡುತ್ತಿದ್ದರೋ ಇಲ್ಲವೋ, ಅಪ್ಪನ ಕಾಲದಿಂದ ಉಳುತ್ತಿದ್ದರೋ ನಡುವೆ ಬಿಡಿಸಿದ್ದರೋ, ಎತ್ತು ಯಾರದು, ಗೊಬ್ಬರ ಯಾರದು. ಬಡವರ ಮಾತನ್ನು ಸರ್ಕಾರ ಕೂತು ಕೇಳಿ ಬರೆದುಕೊಂಡ ಇಷ್ಟು ದೊಡ್ಡ ಸಂಗ್ರಹ ನನಗೆ ಬೇರೆ ಕಂಡಿಲ್ಲ. ನಮ್ಮಜ್ಜಿಯಂಥ ಭೂಮಿ ಇಲ್ಲದ ಕೂಲಿಯವರೂ ಸಾಕ್ಷಿಯಾಗಿ ಅದರೊಳಗೆ ಬಂದಿದ್ದಾರೆ.

ಕಷ್ಟ ಏನೆಂದರೆ ಈ ಕಡತಕ್ಕೆ ಸರ್ವೆ ನಂಬರ್ ಬೇಕು, ಇಲ್ಲವೇ ಅರ್ಜಿ ಹಾಕಿದವರ ಹೆಸರು ಬೇಕು. ಸಾಕ್ಷಿಯ ಹೆಸರಿನಿಂದ ಹುಡುಕಲು ಆಗುವುದಿಲ್ಲ. ಅಜ್ಜಿ ಯಾವಾಗಲೂ "ಆಲದಮರದ ಗದ್ದೆ" ಅನ್ನುತ್ತಿದ್ದರು. ಅದು ಯಾವುದು ಅಂತ ಆ ಊರಿನ ಹಿರಿಯರೊಬ್ಬರು ತೋರಿಸಿದರು. ಅಲ್ಲೇ ನಿಂತು ದಿಶಾಂಕ್ ಆಪ್ ತೆರೆದರೆ ಸರ್ವೆ ನಂಬರ್ ಬಂತು. ಆಲದಮರ ಈಗಿಲ್ಲ. ನಂಬರ್ ಸಿಕ್ಕ ಮೇಲೆ ಪಹಣಿ, ಪಹಣಿಯಿಂದ ಕಡತ. ನೀವೂ ಹೀಗೇ ಮಾಡಿ. ಮನೆಯಲ್ಲಿ ಹೇಳುವ ಗದ್ದೆಯ ಹೆಸರುಗಳನ್ನು ಬರೆದಿಟ್ಟುಕೊಂಡು ಆ ಜಾಗಕ್ಕೆ ಹೋಗಿ ನಿಲ್ಲಿ.

ಕಚೇರಿಯಲ್ಲಿ ಏನಾಗುತ್ತದೆ ಅಂತಲೂ ಹೇಳಬೇಕಲ್ವಾ. ಒಂದು ಕಚೇರಿಯಲ್ಲಿ ನನ್ನನ್ನು ಐದು ಸಲ ತಿರುಗಿಸಿದರು. ಕಡತ ಇಲ್ಲ ಅಂದರು, ಗೆದ್ದಲು ತಿಂದಿದೆ ಅಂದರು. ಆಮೇಲೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಅರ್ಜಿ ಕೊಟ್ಟೆ. ಹಳ್ಳಿ, ಸರ್ವೆ ನಂಬರ್, ಅರ್ಜಿದಾರರ ಹೆಸರು ಮೂರನ್ನೂ ಸ್ಪಷ್ಟವಾಗಿ ಬರೆದಿದ್ದೆ. 30 ದಿನದೊಳಗೆ ಉತ್ತರ ಕೊಡಬೇಕು, ಕೊಟ್ಟರು. ಕಡತ ಇತ್ತು. "ಎಲ್ಲಾ ಹಳೇ ದಾಖಲೆ ಕೊಡಿ" ಅಂತ ಕೇಳಿದರೆ ಯಾರೂ ಕೊಡಲಾರರು. ಒಂದೇ ನಂಬರ್ ಕೇಳಿ, ಒಂದೇ ಊರು ಕೇಳಿ. ಈಗ ತಾಲ್ಲೂಕು ಕಚೇರಿಗಳ ಹಳೆಯ ಕಡತಗಳನ್ನು ಭೂ ಸುರಕ್ಷಾ ಯೋಜನೆಯಲ್ಲಿ ಸ್ಕ್ಯಾನ್ ಮಾಡುತ್ತಿದ್ದಾರೆ. ನಿಮಗೆ ಬೇಕಾದ್ದು ಸ್ಕ್ಯಾನ್ ಆಗಿದೆಯೇ ಅಂತ ಮೊದಲು ಕೇಳಿದರೆ ಧೂಳು, ಓಡಾಟ ಎರಡೂ ಉಳಿಯಬಹುದು.

1963ರ ಹಿಂದಿನ ಕಾಗದ ಬೇಕಾದರೆ ಇನ್ನೊಂದು ಸಂಗತಿ ನೆನಪಿರಲಿ. ಅಲ್ಲಿಯವರೆಗೆ ಹಳ್ಳಿಯ ಲೆಕ್ಕ ಇಡುತ್ತಿದ್ದದ್ದು ಶಾನುಭೋಗರು, ವಂಶಪಾರಂಪರ್ಯವಾಗಿ. ಆ ಪದ್ಧತಿ ಹೋದಾಗ ಲೆಕ್ಕದ ಪುಸ್ತಕಗಳು ಕಚೇರಿಗೆ ಬಂದವು. ಬಾರದೆ ಮನೆಗಳಲ್ಲೇ ಉಳಿದದ್ದೂ ಉಂಟು. ಊರಿನ ಹಳೆಯ ಶಾನುಭೋಗರ ಮನೆಯವರನ್ನು ಮರ್ಯಾದೆಯಿಂದ ಕೇಳಿ ನೋಡಿ. ಅಟ್ಟದ ಮೇಲಿನ ಗಂಟಿನಲ್ಲಿ ಏನಿದೆ ಅಂತ ಅವರಿಗೇ ಗೊತ್ತಿರುವುದಿಲ್ಲ.

ಪೇಟೆಯ ಮನೆಯಾದರೆ

ಸಂತೆಪೇಟೆ, ಪೆನ್ಷನ್ ಮೊಹಲ್ಲಾ, ಕಟ್ಟಿನಕೆರೆ ಕಡೆಯ ಹಳೆಯ ಮನೆ, ಅಂಗಡಿಗಳಿಗೆ ಪಹಣಿ ಉಪಯೋಗಕ್ಕೆ ಬರುವುದಿಲ್ಲ. ಅಲ್ಲಿ ಎರಡು ದಾರಿ. ಒಂದು ಸಬ್ ರಿಜಿಸ್ಟ್ರಾರ್ ಕಚೇರಿ, ಇನ್ನೊಂದು ಪುರಸಭೆ–ನಗರಸಭೆ ಕಾಲದ ಕಂದಾಯದ ರಿಜಿಸ್ಟರ್.

ಎರಡರಲ್ಲಿ ನಾನು ಸಬ್ ರಿಜಿಸ್ಟ್ರಾರ್ ಕಚೇರಿಯನ್ನೇ ಆರಿಸುತ್ತೇನೆ. ಕಾರಣ ಚಕ್ಕುಬಂದಿ. ಪ್ರತಿ ಕ್ರಯಪತ್ರದಲ್ಲೂ ಪೂರ್ವಕ್ಕೆ ಯಾರ ಮನೆ, ಪಶ್ಚಿಮಕ್ಕೆ ಏನು, ಉತ್ತರಕ್ಕೆ, ದಕ್ಷಿಣಕ್ಕೆ ಅಂತ ಬರೆದಿರುತ್ತಾರೆ. ಒಂದು ಹಳೆಯ ಪತ್ರದಲ್ಲಿ ನಾನು ಓದಿದ್ದು ಹೀಗಿತ್ತು: ಪೂರ್ವಕ್ಕೆ ಮಡಿವಾಳರ ಮನೆ, ಪಶ್ಚಿಮಕ್ಕೆ ಓಣಿ, ಉತ್ತರಕ್ಕೆ ಸೇದುವ ಬಾವಿ, ದಕ್ಷಿಣಕ್ಕೆ ಸರ್ಕಾರಿ ರಸ್ತೆ. ಆ ಬೀದಿಯಲ್ಲಿ ಈಗ ಬಾವಿ ಇಲ್ಲ, ಓಣಿಯೂ ಇಲ್ಲ. ಇಂಥ ಏಳೆಂಟು ಪತ್ರಗಳ ಚಕ್ಕುಬಂದಿಯನ್ನು ಒಂದು ದೊಡ್ಡ ಹಾಳೆಯ ಮೇಲೆ ಜೋಡಿಸುತ್ತಾ ಹೋದೆ. ಬೀದಿಯ ಒಂದು ಮಗ್ಗುಲು ಪೂರ್ತಿ ಎದ್ದು ನಿಂತಿತು. ತಮ್ಮ ಹೆಸರಿನಲ್ಲಿ ಒಂದೂ ಪತ್ರ ಮಾಡಿಸದವರು ಕೂಡ ಪಕ್ಕದ ಮನೆಯವರ ಚಕ್ಕುಬಂದಿಯಲ್ಲಿ ಉಳಿದುಕೊಂಡಿದ್ದಾರೆ. ಹೊಯ್ಸಳರ ಕಾಲದ ದಾನಶಾಸನದಲ್ಲಿ ಎಲ್ಲೆ ಹೇಳುವ ರೀತಿಯೂ ಹೆಚ್ಚುಕಡಿಮೆ ಇದೇ. ಅದನ್ನು ನೆನೆದು ನನಗೆ ಮೈ ಝುಂ ಎಂದಿತ್ತು.

ಇದನ್ನು ನೋಡಲು ನೀವು ಮನೆಯ ಮಾಲೀಕರೇ ಆಗಿರಬೇಕಿಲ್ಲ. 1908ರ ನೋಂದಣಿ ಕಾಯ್ದೆಯ 57ನೇ ಕಲಂ ಪ್ರಕಾರ ಸ್ಥಿರಾಸ್ತಿಯ ಪತ್ರಗಳಿರುವ 1ನೇ ಪುಸ್ತಕವನ್ನು, ಅದರ ಸೂಚಿಯನ್ನು ಶುಲ್ಕ ಕೊಟ್ಟು ಯಾರು ಬೇಕಾದರೂ ನೋಡಬಹುದು. ಹೆಸರಿನ ಸೂಚಿ ಬೇರೆ, ಆಸ್ತಿಯ ಸೂಚಿ ಬೇರೆ ಇರುತ್ತದೆ. 2004ರಿಂದೀಚಿನ ಋಣಭಾರ ಪತ್ರ ಕಾವೇರಿ ಜಾಲತಾಣದಲ್ಲಿ ಸಿಗುತ್ತದೆ. ಅದಕ್ಕೂ ಹಿಂದಿನದಕ್ಕೆ ಕಚೇರಿಗೇ ಹೋಗಬೇಕು. ಋಣಭಾರ ಪತ್ರ (ಇ.ಸಿ.) ಆ ಆಸ್ತಿಯ ವ್ಯವಹಾರಗಳ ಬರೀ ಪಟ್ಟಿ, ಅಷ್ಟಕ್ಕೇ ನಿಲ್ಲಬೇಡಿ. ಅದರಲ್ಲಿರುವ ದಸ್ತಾವೇಜು ನಂಬರ್ ಹಿಡಿದು ಮೂಲ ಪತ್ರದ ದೃಢೀಕೃತ ನಕಲು ತೆಗೆಸಿ.

ಕಂದಾಯದ ರಿಜಿಸ್ಟರ್‌ನಲ್ಲಿ ಮನೆ ನಂಬರ್, ತೆರಿಗೆ ಕಟ್ಟುವವರು, ಹೆಂಚಿನ ಮನೆಯೋ ಆರ್‌ಸಿಸಿಯೋ ಅಂತ ಇರುತ್ತದೆ. ಬಾಡಿಗೆಯವರ ಸುಳಿವು ಸಿಗುವುದು ತೀರಾ ಕಡಿಮೆ. ಬಾಡಿಗೆ ಮನೆಯಲ್ಲೇ ಬಾಳಿದವರಿಗೆ ಹಳೆಯ ಮತದಾರರ ಪಟ್ಟಿ ಒಳ್ಳೆಯದು. ಮನೆ ನಂಬರಿನ ಪ್ರಕಾರ ಇರುತ್ತದೆ, ಹೆಂಗಸರ ಹೆಸರೂ ಇರುತ್ತದೆ. ಆದರೆ 1951–52ರ ಮೊದಲ ಚುನಾವಣೆಯ ಕಾಲದ ಪಟ್ಟಿ ತಯಾರಿಸುವಾಗ ದೇಶದಲ್ಲಿ ಸುಮಾರು 28 ಲಕ್ಷ ಹೆಂಗಸರು ಸ್ವಂತ ಹೆಸರು ಹೇಳದೆ ಇಂಥವರ ಹೆಂಡತಿ, ಇಂಥವರ ತಾಯಿ ಅಂತ ಬರೆಸಿದ್ದರಿಂದ ಪಟ್ಟಿಯಿಂದಲೇ ಹೊರಗುಳಿದರು. ಹೆಚ್ಚಿನವರು ಉತ್ತರದ ರಾಜ್ಯಗಳವರು. ಆದರೂ ಹಳೆಯ ಪಟ್ಟಿಯಲ್ಲಿ ಅಜ್ಜಿ ಇಲ್ಲದಿದ್ದರೆ ಅವರು ಆ ಊರಲ್ಲಿರಲಿಲ್ಲ ಅಂತ ತೀರ್ಮಾನಕ್ಕೆ ಬರಬೇಡಿ.

ಶಾಲೆ, ಜನನ–ಮರಣ, ಚರ್ಚು

ಮಕ್ಕಳ ಹೆಸರು ಬೇಕಾದರೆ ಶಾಲೆಯ ದಾಖಲಾತಿ ರಿಜಿಸ್ಟರ್. ಜಮೀನು ಇದ್ದವರು, ಇಲ್ಲದವರು ಎಲ್ಲರ ಮಕ್ಕಳೂ ಅಲ್ಲಿದ್ದಾರೆ. ಅಪ್ಪನ ಹೆಸರು, ಊರು, ಕಸುಬು, ಯಾವ ತರಗತಿಗೆ ಬಿಟ್ಟರು, ಯಾಕೆ ಬಿಟ್ಟರು. ನಮ್ಮ ದೊಡ್ಡಮ್ಮನ ಹೆಸರಿನ ಮುಂದೆ ಮೂರನೇ ತರಗತಿಗೆ ಗೆರೆ ಎಳೆದಿತ್ತು. ಹಳೆಯ ಸರ್ಕಾರಿ ಶಾಲೆಗಳಲ್ಲಿ ಮುಖ್ಯೋಪಾಧ್ಯಾಯರನ್ನು ಕೇಳಿದರೆ ತೋರಿಸುತ್ತಾರೆ. ಬೇರೆಯವರ ಮಕ್ಕಳ ವಿವರ ಇರುವುದರಿಂದ ಫೋಟೋ ಹೊಡೆಯಬೇಡಿ, ನಿಮ್ಮವರದನ್ನು ಮಾತ್ರ ಬರೆದುಕೊಳ್ಳಿ. ಹುಟ್ಟಿದ ದಿನಾಂಕವನ್ನು ಮಾತ್ರ ನಂಬಲು ಹೋಗಬೇಡಿ. ಜೂನ್‌ನಲ್ಲಿ ಶಾಲೆ ಶುರು, ಆದ್ದರಿಂದ ಮೇಷ್ಟ್ರು ಎಷ್ಟೋ ಮಕ್ಕಳಿಗೆ ಜೂನ್ 1 ಅಂತಲೇ ಬರೆದಿದ್ದಾರೆ.

ಜನನ–ಮರಣ ನೋಂದಣಿ 1969ರ ಕಾಯ್ದೆಯ ನಂತರ ಬಿಗಿಯಾಯಿತು. ಅದಕ್ಕೂ ಹಿಂದಿನದು ಸಿಕ್ಕರೆ ಪುಣ್ಯ. ಕ್ರೈಸ್ತ ಕುಟುಂಬಗಳಿಗೆ ಚರ್ಚಿನ ರಿಜಿಸ್ಟರ್ ಇದೆ, ಅದು ಎಷ್ಟೋ ಹಿಂದಕ್ಕೆ ಹೋಗುತ್ತದೆ. ಜ್ಞಾನಸ್ನಾನದ ಪುಸ್ತಕದಲ್ಲಿ ಮಗುವಿನ ಹೆಸರು, ತಂದೆ, ತಾಯಿ, ಜ್ಞಾನ ತಂದೆತಾಯಿ ಎಲ್ಲರೂ ಬರುತ್ತಾರೆ. ತಾಯಿಯ ಹೆಸರು ತಪ್ಪದೆ ಬರುವ ದಾಖಲೆಗಳಲ್ಲಿ ಇದೂ ಒಂದು. ಹಾಸನದ ಕೆಥೋಲಿಕ್ ಚರ್ಚುಗಳು 1963ರಿಂದ ಚಿಕ್ಕಮಗಳೂರು ಧರ್ಮಪ್ರಾಂತ್ಯಕ್ಕೆ ಸೇರಿವೆ, ಅದಕ್ಕೂ ಮೊದಲು ಮೈಸೂರಿಗೆ. ಹುಡುಕುವವರು ಎರಡೂ ಕಡೆ ಕೇಳಬೇಕು. ರೆಡ್‌ಫರ್ನ್ ಆಸ್ಪತ್ರೆ ನಡೆಸಿದ ವೆಸ್ಲಿಯನ್ ಮಿಷನ್ನಿನ ಕಾಗದಗಳು ಲಂಡನ್ನಿನ ಸೋಆಸ್ ಗ್ರಂಥಾಲಯದಲ್ಲಿವೆ. ಅದು ಸಂಶೋಧನೆ ಮಾಡುವವರಿಗೆ ಆಯಿತು, ಮನೆಯ ಕಥೆ ಹುಡುಕುವವರಿಗೆ ದೂರದ ಮಾತು.

ಬೆಂಗಳೂರಿಗೆ ಯಾವಾಗ ಹೋಗಬೇಕು

ಕರ್ನಾಟಕ ರಾಜ್ಯ ಪತ್ರಾಗಾರ ಇಲಾಖೆ 1973ರಲ್ಲಿ ಶುರುವಾಯಿತು. ಮುಖ್ಯ ಸಂಗ್ರಹ ಬೆಂಗಳೂರಿನ ವಿಧಾನಸೌಧದಲ್ಲಿದೆ. ಮೈಸೂರಿನಲ್ಲೂ ವಿಭಾಗೀಯ ಕಚೇರಿ ಇದೆ. ಮೈಸೂರು ಸಂಸ್ಥಾನದ ಸಚಿವಾಲಯದ ಕಡತಗಳು ಇಲ್ಲಿವೆ. ನಿಮ್ಮ ಪ್ರಶ್ನೆ ಒಂದು ಮನೆಯದ್ದಾದರೆ ಅಲ್ಲಿಗೆ ಹೋಗುವುದು ಬೇಡ. ಒಂದು ಆಸ್ಪತ್ರೆಯದ್ದು, ಕೆರೆಯದ್ದು, ಮುನಿಸಿಪಾಲಿಟಿಯದ್ದು, ಪ್ಲೇಗಿನ ವರ್ಷದ್ದಾದರೆ ಹೋಗಲೇಬೇಕು.

ಹೋಗುವ ಮುಂಚೆ ಎರಡು ಸಂಗತಿ ಗೊತ್ತಿರಲಿ. 1882ರಲ್ಲಿ ಹಾಸನ ಜಿಲ್ಲೆಯ ಸ್ಥಾನ ಹೋಗಿ ಅದು ಉಪವಿಭಾಗ ಆಗಿತ್ತು. 1886ರಲ್ಲಿ ಮತ್ತೆ ಜಿಲ್ಲೆಯಾಯಿತು. ಆ ನಾಲ್ಕು ವರ್ಷದ ಕಾಗದ ಬೇರೆ ಜಿಲ್ಲೆಯ ಹೆಸರಿನಡಿ ಇರಬಹುದು. ಹಾಗೇ ಸಕಲೇಶಪುರದವರು ಮಂಜರಾಬಾದ್ ಅಂತ ಹುಡುಕಬೇಕು. ತಾಲ್ಲೂಕಿಗೆ ಆಗ ಅದೇ ಹೆಸರು.

ಪತ್ರಾಗಾರಕ್ಕಿಂತ ಮೊದಲು ಮೈಸೂರು ಪ್ರಜಾಪ್ರತಿನಿಧಿ ಸಭೆಯ ನಡಾವಳಿ ಓದಿ. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರಲ್ಲಿ ಶುರುವಾದ ಸಭೆ. ಜಿಲ್ಲೆಗಳ ಪ್ರತಿನಿಧಿಗಳು ಎದ್ದು ನಿಂತು ತಮ್ಮ ಊರಿಗೆ ಏನು ಬೇಕು ಅಂತ ಕೇಳಿದ್ದು ಅದರಲ್ಲಿ ಅಚ್ಚಾಗಿದೆ. ಅಲ್ಲಿ ಮಾತಾಡಿದವರು ಹೆಚ್ಚಾಗಿ ಜಮೀನು, ವ್ಯಾಪಾರ ಇದ್ದ ಗಂಡಸರು. ಆದರೆ ಅವರು ಹೇಳಿದ್ದು ಇಡೀ ಊರಿನ ಕಷ್ಟ. ಒಂದು ಅಹವಾಲು ಎಷ್ಟು ವರ್ಷ ಮತ್ತೆ ಮತ್ತೆ ಬಂತು ಅಂತ ನೋಡಿ, ಆ ವರ್ಷಗಳನ್ನು ಬರೆದುಕೊಂಡು ಹೋದರೆ ಪತ್ರಾಗಾರದಲ್ಲಿ ಕಡತ ಬೇಗ ಸಿಗುತ್ತದೆ.

ಗೊರೂರಿನ ನೀರಿನಡಿ ಊರು ಬಿಟ್ಟವರಿಗೆ

ಹೇಮಾವತಿ ಅಣೆಕಟ್ಟಿಗೆ ಊರು ಕೊಟ್ಟವರದು ಬೇರೆಯೇ ಹುಡುಕಾಟ. ಶೆಟ್ಟಿಹಳ್ಳಿಯ ಹಳೆಯ ಚರ್ಚು ಮಳೆಗಾಲದಲ್ಲಿ ಮುಳುಗಿ ಬೇಸಿಗೆಯಲ್ಲಿ ಎದ್ದು ಬರುವುದನ್ನು ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಆ ಸುತ್ತಿನಲ್ಲಿ ಮನೆಗಳಿದ್ದವು, ಒಲೆ ಉರಿಯುತ್ತಿತ್ತು ಅನ್ನುವುದು ಫೋಟೋದಲ್ಲಿ ಕಾಣುವುದಿಲ್ಲ. ಈ ಕುಟುಂಬಗಳಿಗೆ ನಾನು ಹೇಳುವುದು ಪಹಣಿ ಬಿಡಿ, ಭೂಸ್ವಾಧೀನದ ಕಡತ ಹಿಡಿಯಿರಿ ಅಂತ. ಪರಿಹಾರ ಲೆಕ್ಕ ಹಾಕಲು ಅಧಿಕಾರಿಗಳು ಜಮೀನು, ಮನೆ, ಬಾವಿ, ಮರ ಎಲ್ಲವನ್ನೂ ಬರೆದುಕೊಳ್ಳುತ್ತಾರೆ. ತೆಂಗು ಎಷ್ಟು, ಹಲಸು ಎಷ್ಟು, ಗೋಡೆ ಮಣ್ಣಿನದೋ ಕಲ್ಲಿನದೋ. ಈಗ ಇಲ್ಲದ ಮನೆಯ ಅಳತೆ ಉಳಿದಿರುವುದು ಅಲ್ಲಿ ಮಾತ್ರ. ಅಧಿಸೂಚನೆ ಗೆಜೆಟ್‌ನಲ್ಲಿ ಬಂದಿರುತ್ತದೆ. ಅದರ ನಂಬರ್, ದಿನಾಂಕ ಹಿಡಿದು ಐತೀರ್ಪಿನ, ಅಂದರೆ ಪರಿಹಾರ ಗೊತ್ತು ಮಾಡಿದ ಆದೇಶದ ನಕಲು ಕೇಳಿ. ಮನೆಯಲ್ಲಿ ಪುನರ್ವಸತಿಯ ಹಕ್ಕುಪತ್ರ ಇದ್ದರೆ ಮೊದಲು ಅದನ್ನು ನೋಡಿ, ಕಡತದ ನಂಬರ್ ಅದರ ಮೇಲೇ ಇರಬಹುದು.

ಟ್ರಂಕು ಮತ್ತು ಬಾಯಿಮಾತು

ಇಷ್ಟೆಲ್ಲಾ ಹೇಳಿದ ಮೇಲೆ, ಒಂದೇ ಒಂದು ಭಾನುವಾರ ಇದೆ ಅನ್ನುವವರಿಗೆ ನಾನು ಯಾವ ಕಚೇರಿಯನ್ನೂ ಹೇಳುವುದಿಲ್ಲ. ಮನೆಯ ಟ್ರಂಕು ತೆಗೆಯಿರಿ. ಕಂದಾಯದ ರಸೀದಿ, ಸೊಸೈಟಿ ಸಾಲದ ಚೀಟಿ, ಮದುವೆಯ ಲಗ್ನಪತ್ರಿಕೆ, ಮುಯ್ಯಿ ಬರೆದ ನೋಟ್‌ಪುಸ್ತಕ. ಮುಯ್ಯಿ ಪುಸ್ತಕವನ್ನು ಯಾರೂ ದಾಖಲೆ ಅಂದುಕೊಳ್ಳುವುದಿಲ್ಲ. ನಮ್ಮಮ್ಮನ ಮದುವೆಯ ಪುಸ್ತಕದಲ್ಲಿ ಯಾವ ಊರಿನ ಯಾರು ಎಷ್ಟು ಕೊಟ್ಟರು ಅಂತ ಸಾಲಾಗಿ ಬರೆದಿದೆ. ಒಂದು ಬೀದಿಯ ನೆಂಟಸ್ತಿಕೆ ಪೂರ್ತಿ ಅದರಲ್ಲಿದೆ.

ಮನೆತನಗಳ, ಮಠಗಳ ಕಾಗದ ಎಷ್ಟು ದೊಡ್ಡ ವಿಷಯ ಹೊರಗೆ ತರಬಲ್ಲದು ಅನ್ನುವುದಕ್ಕೆ ನಮ್ಮ ಪಕ್ಕದ ಶೃಂಗೇರಿಯನ್ನೇ ನೋಡಿ. ಟಿಪ್ಪು ಸುಲ್ತಾನ್ ಮಠಕ್ಕೆ ಬರೆದ ಪತ್ರಗಳು ಅಲ್ಲಿ ಸಿಕ್ಕಿದ್ದು 1916ರಲ್ಲಿ. ಅಲ್ಲಿಯವರೆಗೆ ಅವು ಮಠದ ಕಾಗದದ ನಡುವೆ ಸುಮ್ಮನೆ ಇದ್ದವು. ಹಳೆಯ ಮನೆಗಳಲ್ಲಿ ಕಪ್ಪು ಬಟ್ಟೆಯ ಮಡಿಕೆ ಪುಸ್ತಕ ಸಿಕ್ಕರೆ ಒರೆಸಬೇಡಿ, ತೊಳೆಯಬೇಡಿ. ಅದಕ್ಕೂ ಕಡತ ಅಂತಲೇ ಹೆಸರು, ಆದರೆ ಕಚೇರಿಯ ಫೈಲಲ್ಲ. ಬಟ್ಟೆಗೆ ಹುಣಿಸೆಬೀಜದ ಅಂಟು, ಇದ್ದಿಲು ಬಳಿದು ಬಳಪದಲ್ಲಿ ಬರೆದಿರುತ್ತಾರೆ. ಒದ್ದೆ ಕೈ ತಾಗಿದರೂ ಅಕ್ಷರ ಹೋಗುತ್ತದೆ. ಹಗಲು ಬೆಳಕಿನಲ್ಲಿ ಫೋಟೋ ತೆಗೆದು ತಿಳಿದವರಿಗೆ ತೋರಿಸಿ.

ಕಚೇರಿಯ ಕಾಗದ ಮುಂದಿನ ವರ್ಷವೂ ಇರುತ್ತದೆ. ಎಂಬತ್ತೈದು ವರ್ಷದ ದೊಡ್ಡಮ್ಮನ ನೆನಪು ಹಾಗಲ್ಲ. ಅದಕ್ಕೇ ಈ ದೀಪಾವಳಿಗೆ ಹಾಸನಾಂಬೆಯ ದರ್ಶನ ಮುಗಿಸಿ ಅವರ ಮನೆಗೆ ಹೋದಾಗ ಹಳೆಯ ಫೋಟೋಗಳನ್ನು ತಗೊಂಡು ಹೋಗಿದ್ದೆ. ಫೋನಿನಲ್ಲಿ ರೆಕಾರ್ಡ್ ಹಾಕಿ ಪಕ್ಕಕ್ಕಿಟ್ಟೆ. "ನಿಮ್ಮ ಬದುಕಿನ ಬಗ್ಗೆ ಹೇಳಿ" ಅಂದರೆ ಯಾರಿಗೂ ಮಾತು ಬರುವುದಿಲ್ಲ. ಫೋಟೋ ಕೈಗೆ ಕೊಟ್ಟು "ಇದ್ಯಾರು ದೊಡ್ಡಮ್ಮ" ಅಂದೆ. ಎರಡೂವರೆ ಗಂಟೆ ಮಾತಾಡಿದರು.

ಒಂದು ಫೋಟೋದಲ್ಲಿ ಏಳು ಜನ ಹೆಂಗಸರಿದ್ದಾರೆ. ಗದ್ದೆ ಬದಿಯಲ್ಲಿ ನಿಂತಿದ್ದಾರೆ, ಕಾಲಿಗೆ ಕೆಸರು. ಎಡದಿಂದ ಎರಡನೆಯವರು ಅಜ್ಜಿ. ದೊಡ್ಡಮ್ಮ ಬೆರಳಿಟ್ಟು ಒಬ್ಬೊಬ್ಬರ ಹೆಸರು ಹೇಳುತ್ತಾ ಹೋದರು. ನಾನು ಫೋಟೋದ ಹಿಂದೆ ಮೆತ್ತಗಿನ ಪೆನ್ಸಿಲ್ಲಿನಲ್ಲಿ ಬರೆದೆ. ಪೆನ್ನಿನಲ್ಲಿ ಬರೆದರೆ ಶಾಯಿ ಮುಂದಕ್ಕೆ ಇಳಿಯುತ್ತದೆ. ಆರು ಹೆಸರು ಬಂದವು. ಕೊನೆಯವರ ಹೆಸರು ಅವರಿಗೆ ನೆನಪಾಗಲಿಲ್ಲ. "ಕಟ್ಟಿನಕೆರೆ ಕಡೆಯಿಂದ ಬರ್ತಿದ್ಲು, ಚೆನ್ನಾಗಿ ಸೋಬಾನೆ ಹೇಳೋಳು" ಅಂದರು. ಅಷ್ಟನ್ನೇ ಬರೆದಿದ್ದೇನೆ. ಅದರ ಪಕ್ಕದಲ್ಲಿ ಒಂದು ಹೆಸರು ಹಿಡಿಯುವಷ್ಟು ಜಾಗ ಬಿಟ್ಟಿದ್ದೇನೆ.